ನಿಮ್ಮೂರಿಗೆ 1927 ಬಂತಾ?

ಒಂದು ಕಳೆಯುವ ಲೆಕ್ಕ ಮಾಡೋಣ. ಮೂರನೇ ಕ್ಲಾಸಿನ ಮಗು ಮಾಡುವ ಲೆಕ್ಕ. ಈ ವರ್ಷದ ಇಸವಿ ಬರೆಯಿರಿ. ಅದರ ಕೆಳಗೆ 1927 ಬರೆದು ಕಳೆಯಿರಿ. ಇನ್ನೂ ಮಾರ್ಚ್ 20 ದಾಟಿಲ್ಲವಾದರೆ ಬಂದ ಉತ್ತರದಲ್ಲಿ ಒಂದು ಕಮ್ಮಿ ಮಾಡಿ. ಮಹಾಡದ ಚೌದಾರ್ ಕೆರೆಯಲ್ಲಿ ನಮ್ಮ ಜನ ನೀರು ಕುಡಿದು ಎಷ್ಟು ವರ್ಷ ತುಂಬಿತು ಅನ್ನೋದು ಗೊತ್ತಾಗುತ್ತೆ. ವಯಸ್ಸು ಹೇಳುವಾಗ ನಮ್ಮ ಹಿರಿಯರಿಗೆ ಒಂದು ಎಚ್ಚರ ಇರುತ್ತೆ: ವರ್ಷ ತುಂಬೋದು ಬೇರೆ, ವರ್ಷಕ್ಕೆ ಬೀಳೋದು ಬೇರೆ. ಅದೇ ಎಚ್ಚರದಲ್ಲಿ ಹೇಳುವುದಾದರೆ, ಮಹಾಡ ನೂರಕ್ಕೆ ಬೀಳುವ ದಿನ 2026ರ ಮಾರ್ಚ್ 20. ನೂರು ತುಂಬುವ ದಿನ 2027ರ ಮಾರ್ಚ್ 20.

ಲೆಕ್ಕ ಮುಗಿಯಿತು. ಜಗಳ ಇಲ್ಲಿಂದ ಶುರು.

ಯಾಕಂದರೆ ಈ ದೇಶದಲ್ಲಿ "ಎಷ್ಟು ವರ್ಷ ಆಯಿತು" ಅನ್ನೋ ಪ್ರಶ್ನೆಗೆ ಎರಡು ಬಗೆಯ ಉತ್ತರ ಇದೆ. ಊರಿನವರ ಗುಡಿಗೆ ಸಾವಿರ ವರ್ಷ ಅಂದರೆ ಅದು ಪರಂಪರೆ. ನಮ್ಮ ಹೋರಾಟಕ್ಕೆ ನೂರು ವರ್ಷ ಅಂದರೆ ಅದು ಹಳೇ ಕತೆ. ಸಾಹುಕಾರನ ಖಾತೆ ಪುಸ್ತಕದಲ್ಲಿ ಮುತ್ತಾತ ಹೆಬ್ಬೆಟ್ಟು ಒತ್ತಿದ ಸಾಲ ತಾತನಿಗೆ ಬಂತು, ತಾತನಿಂದ ಅಪ್ಪನಿಗೆ ಬಂತು, ಅಪ್ಪ ಅದಕ್ಕೇ ಜೀತಕ್ಕಿದ್ದ. ಆಗ ಯಾವ ಸಾಹುಕಾರನೂ "ಹೋಗಲಿ ಬಿಡು, ಅದು ಹಳೇ ಕತೆ" ಅನ್ನಲಿಲ್ಲ. ವರ್ಷಕ್ಕೆ ವರ್ಷ ಬಡ್ಡಿ ಸೇರಿಸಿ ಬರೆದ. ಅಂಥ ಮನೆಯ ಮಕ್ಕಳು ಈಗ ನಮ್ಮ ಬಾಕಿಯ ಲೆಕ್ಕ ತೆಗೆದರೆ "ಅದೆಲ್ಲ ಯಾವ ಕಾಲದ ಮಾತಪ್ಪಾ, ಈಗ ಯಾರು ಜಾತಿ ಮಾಡ್ತಾರೆ?" ಅಂತ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಅವರಿಗೆ ಲೆಕ್ಕದಲ್ಲೇ ಉತ್ತರ ಕೊಡೋಣ. ನಮ್ಮವರಿಗೂ ಒಂದೆರಡು ಮಾತಿದೆ, ಅದು ಕೊನೆಗೆ.

ಆ ಒಂದು ವರ್ಷ

ಬಿ.ಎ.ಯಲ್ಲಿ ಇತಿಹಾಸ ಓದಿದ ನಮಗೆ ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ಬಾಯಿಪಾಠ. 1526, 1556, 1761. ಯಾವ ರಾಜ ಯಾವಾಗ ಕುದುರೆ ಹತ್ತಿದ, ಯಾವಾಗ ಬಿದ್ದ, ಎಲ್ಲ ಬರುತ್ತೆ. ಮಹಾಡ ಮಾತ್ರ ನಮ್ಮ ಪರೀಕ್ಷೆಗೆ ಬರಲಿಲ್ಲ. ಪರೀಕ್ಷೆಗೆ ಬರದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ, ಓದು ಬಲ್ಲವರು ಬಾರದವರಿಗೆ ಓದಿ ಹೇಳಿ.

1923ರ ಆಗಸ್ಟ್ 4. ಮುಂಬಯಿ ಪ್ರಾಂತ್ಯದ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರು ತಂದ ಒಂದು ಠರಾವು ಪಾಸಾಯಿತು. ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಕೂಡ ಆಗ ಮುಂಬಯಿ ಪ್ರಾಂತ್ಯವೇ. ಅಂದರೆ ಆ ಠರಾವು ಕನ್ನಡದ ಕೆರೆ ಬಾವಿಗಳಿಗೂ ಸೇರಿದ್ದು. ಮಾರನೇ ವರ್ಷ ಕೊಲಾಬಾ ಜಿಲ್ಲೆಯ ಮಹಾಡ ಮುನಿಸಿಪಾಲಿಟಿ ತನ್ನ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ತೀರ್ಮಾನ ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆಯಿತು. ದಡದ ಮೇಲೆ ಮುಚ್ಚಿಯೇ ಇತ್ತು. ದನ ಇಳಿದು ಕುಡಿಯುತ್ತಿತ್ತು, ನಾಯಿ ಕುಡಿಯುತ್ತಿತ್ತು, ಬೇರೆ ಧರ್ಮದವರು ಕುಡಿಯುತ್ತಿದ್ದರು. ಠರಾವಿನಲ್ಲಿ ಹೆಸರಿದ್ದವರು ಮಾತ್ರ ದೂರ ನಿಂತಿದ್ದರು.

1927ರ ಮಾರ್ಚ್ 19 ಮತ್ತು 20. ಅದೇ ಮಹಾಡದಲ್ಲಿ ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು ಸೇರಿತು. ಅದಕ್ಕೆ ಓಡಾಡಿ ಜನ ಕೂಡಿಸಿದವರಲ್ಲಿ ಮುಖ್ಯರು ಆರ್.ಬಿ. ಮೋರೆ, ಇಪ್ಪತ್ತರ ಹರೆಯದ ಹುಡುಗ, ನಮ್ಮ ವಯಸ್ಸಿನವರು. ಸೇರಿದ ಸಾವಿರಾರು ಜನಕ್ಕೆ ಕುಡಿಯುವ ನೀರನ್ನು ಊರಿನವರಿಂದ ನಲವತ್ತು ರೂಪಾಯಿ ಕೊಟ್ಟು ಕೊಂಡರು. ಪಕ್ಕದಲ್ಲಿ ಕೆರೆ ತುಂಬಿ ನಿಂತಿದೆ, ಇಲ್ಲಿ ದುಡ್ಡು ಕೊಟ್ಟು ನೀರು! 20ನೇ ತಾರೀಖು ಬಾಬಾಸಾಹೇಬರು ಮುಂದೆ, ಜನ ಹಿಂದೆ, ಮೆರವಣಿಗೆಯಾಗಿ ಹೋಗಿ ಕೆರೆಗೆ ಇಳಿದರು. ಬಾಬಾಸಾಹೇಬರಿಗೆ ಮೂವತ್ತಾರು ತುಂಬಲು ಇನ್ನೂ ಇಪ್ಪತ್ತೈದು ದಿನ ಇತ್ತು. ಬೊಗಸೆ ಒಡ್ಡಿ ನೀರು ಕುಡಿದರು. ಠರಾವು ಪಾಸಾಗಿ ಆ ಹೊತ್ತಿಗೆ ಮೂರು ವರ್ಷ, ಏಳು ತಿಂಗಳು, ಹದಿನಾರು ದಿನ. ಕಾಗದದಿಂದ ಬೊಗಸೆಗೆ ಬರೋಕೆ ನೀರಿಗೆ ಅಷ್ಟು ಕಾಲ ಬೇಕಾಯಿತು.

ಆಮೇಲೆ ಏನಾಯಿತು? ಇವರು ವೀರೇಶ್ವರನ ಗುಡಿಗೂ ನುಗ್ಗುತ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿಸಿದರು. ಊಟಕ್ಕೆ ಕೂತವರ ಮೇಲೆ, ಊರ ದಾರಿ ಹಿಡಿದವರ ಮೇಲೆ ದೊಣ್ಣೆ ಬೀಸಿದರು. ನೂರೆಂಟು ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ಶುದ್ಧ ಮಾಡಿಕೊಂಡರು. ಮುನಿಸಿಪಾಲಿಟಿ ಹೆದರಿ ತನ್ನ ತೀರ್ಮಾನವನ್ನು ವಾಪಸು ತಗೊಂಡಿತು. ಯಾವತ್ತು ಗೊತ್ತಾ? 1927ರ ಆಗಸ್ಟ್ 4ರಂದು. ಬೋಲೆಯವರ ಠರಾವು ಪಾಸಾಗಿ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ.

ಆ ಡಿಸೆಂಬರಿನಲ್ಲಿ ಮತ್ತೆ ಮಹಾಡ. ಕೋರ್ಟಿನಿಂದ ತಡೆ ತಂದಿದ್ದರು, ಕೆರೆಗೆ ಇಳಿಯುವ ಹಾಗಿರಲಿಲ್ಲ. ಸಭೆಗೆ ಜಾಗ ಕೊಟ್ಟವರು ಒಬ್ಬ ಮುಸ್ಲಿಮರು. 25ನೇ ತಾರೀಖು ರಾತ್ರಿ ಅಲ್ಲಿ ಮನುಸ್ಮೃತಿಯನ್ನು ಸುಟ್ಟರು. ಸುಡುವ ಠರಾವು ಮಂಡಿಸಿದವರು ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಅದೇ ಸಭೆಯ ಭಾಷಣದಲ್ಲಿ ಬಾಬಾಸಾಹೇಬರು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯನ್ನು ತಂದು ತಮ್ಮ ಸಭೆಯ ಪಕ್ಕ ಇಟ್ಟರು. ಕಳೆದು ನೋಡಿ, 138 ವರ್ಷದ ಹಿಂದಿನ ಮಾತು. ಸಾವಿರಾರು ಮೈಲಿ ಆಚೆಯ ಮಾತು. ಅವರಿಗೆ ಅದು ಹಳೇ ಕತೆ ಅನ್ನಿಸಲಿಲ್ಲ, ನಾಳೆ ಮಾಡಬೇಕಾದ ಕೆಲಸ ಅನ್ನಿಸಿತು. ಇಸವಿಯನ್ನು ಹೇಗೆ ಓದಬೇಕು ಅಂತ ಅವರಿಂದ ಕಲಿಯಬೇಕು.

ತಿರುಗುವ ಗಾಲಿ

ಊರೊಳಗಿನ ಪಂಚಾಂಗದ ಕಾಲ ಬೇರೆ ಥರ. ಅಲ್ಲಿ ಅರವತ್ತು ಸಂವತ್ಸರಗಳು, ಅರವತ್ತಾದ ಮೇಲೆ ಗಾಲಿ ಮತ್ತೆ ಮೊದಲಿಗೇ ಬರುತ್ತೆ. ಎಷ್ಟು ಸುತ್ತು ಆಯಿತು ಅಂತ ಆ ಹೆಸರು ಹೇಳೋದಿಲ್ಲ. "ಧಾತು ಈಶ್ವರದ ಬರ" ಅಂದರೆ ಯಾವ ಬರ? 1876-78ರದ್ದು ಅಂತ ಗೊತ್ತಾಗೋಕೆ ಇಸವಿಯೇ ಬೇಕು.

ಅವರ ಗಾಲಿಯಲ್ಲೇ ಮಹಾಡವನ್ನು ಇಟ್ಟು ನೋಡಿದೆವು. 1927ರ ಮಾರ್ಚ್ 20 ಯುಗಾದಿಗೆ ಮುಂಚೆ ಬಿದ್ದ ದಿನ, ಅರವತ್ತರಲ್ಲಿ ಕೊನೆಯದಾದ ಕ್ಷಯ ಸಂವತ್ಸರ. ಕೆಲವು ಪಂಚಾಂಗ ಅಕ್ಷಯ ಅಂತ ಬರೆಯುತ್ತೆ. ಡಿಸೆಂಬರ್ 25 ಯುಗಾದಿ ಆದ ಮೇಲಿನ ದಿನ, ಅರವತ್ತರಲ್ಲಿ ಮೊದಲನೆಯದಾದ ಪ್ರಭವ. ಕ್ಷಯದಲ್ಲಿ ನೀರು ಕುಡಿದರು, ಪ್ರಭವದಲ್ಲಿ ಮನುವನ್ನು ಸುಟ್ಟರು. ಶಾಸ್ತ್ರ ನಂಬುವವರು ಬೇಕಾದರೆ ಇದಕ್ಕೆ ಫಲ ಹೇಳಲಿ.

ಆದರೆ ಗಾಲಿ ತಿರುಗಿತಲ್ಲ, ಅರವತ್ತು ವರ್ಷದ ಮೇಲೆ ಮತ್ತೆ ಪ್ರಭವ ಬಂತು. 1987. ಆ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ನಮ್ಮವರ ಮೇಲೆ ಕಳವಿನ ಆರೋಪ ಹೊರಿಸಿ ಬಾಯಿಗೆ ಮಲ ತುರುಕಿದರು. ನೆನಪಿರಲಿ, ಬೋಲೆಯವರ ಠರಾವು ಬೆಳಗಾವಿಗೂ ಸೇರಿದ್ದಾಗಿತ್ತು. 1923ರಿಂದ 1987ಕ್ಕೆ 64 ವರ್ಷ. ಜಾತಿಯೂ ಇಂಥದೇ ಒಂದು ಗಾಲಿ. ಅದು ತಾನಾಗಿ ಮುಂದಕ್ಕೆ ಹೋಗೋದಿಲ್ಲ, ನಿಂತಲ್ಲೇ ತಿರುಗುತ್ತೆ. "ಕಾಲ ಬಂದಾಗ ಎಲ್ಲ ಸರಿಹೋಗುತ್ತೆ" ಅನ್ನುವವರು ನಮ್ಮನ್ನು ಈ ಗಾಲಿಗೆ ಕಟ್ಟಿ ಕೂರಿಸುವವರು. ಹುಷಾರು.

"ಅನಾದಿ"ಗೆ ಎಷ್ಟು ವರ್ಷ?

ಮಹಾಡದ ಸವರ್ಣರು ಕೋರ್ಟಿಗೆ ಹೋದರಲ್ಲ, ಅಲ್ಲಿ ಅವರು ಇಟ್ಟ ವಾದವನ್ನು ಎಲ್ಲರೂ ತಿಳಿದಿರಬೇಕು. ಕೆರೆ ಅಸ್ಪೃಶ್ಯರಿಗೆ ಇಲ್ಲ ಅನ್ನೋದು ಅನಾದಿ ಕಾಲದಿಂದ ನಡೆದುಬಂದ ರೂಢಿ ಅಂತ ಅವರ ವಾದ. ಮಹಾಡದ ಕೋರ್ಟು 1931ರಲ್ಲಿ, ಠಾಣೆಯ ಕೋರ್ಟು 1933ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟವು. ಕೊನೆಗೆ ಮುಂಬಯಿ ಹೈಕೋರ್ಟು 1937ರ ಮಾರ್ಚ್ 17ರಂದು ಅವರ ಅಪೀಲನ್ನು ವಜಾ ಮಾಡಿತು. ಬೊಗಸೆ ನೀರಿಗೆ ಹತ್ತು ವರ್ಷ, ಮೂರೇ ದಿನ ಕಮ್ಮಿ.

ಹೈಕೋರ್ಟು ಏನಂದಿತು? ಅನಾದಿ ಅಂತೀರಿ, ಅದನ್ನು ನೀವು ರುಜುವಾತು ಮಾಡಿಲ್ಲ ಅಂದಿತು. ಅಷ್ಟೇ. ಬಂಧುಗಳೆ, ಈ ಮಾತಿನ ರುಚಿ ನೋಡಿ. ನಮ್ಮ ತಾತ ಮುತ್ತಾತಂದಿರು ಯಾವ ಒಂದು ಪದದ ಮುಂದೆ ಬಗ್ಗಿ ನಿಂತಿದ್ದರೋ, ಆ "ಅನಾದಿ"ಯನ್ನು ಕಟಕಟೆಗೆ ಹತ್ತಿಸಿ ಲೆಕ್ಕ ಕೇಳಿದ ಕೂಡಲೇ ಅದು ಕುಸಿದುಬಿತ್ತು! "ಮೊದಲಿಂದ ಹಿಂಗೇ ನಡಕೊಂಡು ಬಂದಿದೆ ಬುದ್ಧಿ" ಅಂತ ನಮ್ಮ ಬಾಯಲ್ಲೇ ಹೇಳಿಸುತ್ತಾರಲ್ಲ, ಯಾವ ಮೊದಲಿಂದ? ಯಾವ ಇಸವಿ? ಯಾರ ಸಹಿ? ಲೆಕ್ಕ ಕೇಳೋಕೆ ನಾವು ಹೆದರಿದಷ್ಟು ದಿನ ಅನಾದಿಗೆ ಆಯಸ್ಸು.

ಆದರೆ ಆ ತೀರ್ಪಿನಲ್ಲಿ ಒಂದು ಬಾಗಿಲು ತೆರೆದೇ ಉಳಿಯಿತು. ಅನಾದಿ ಅಂತ ಅವರು ರುಜುವಾತು ಮಾಡಿಬಿಟ್ಟಿದ್ದರೆ? ಆಗ ಆ ರೂಢಿ ನ್ಯಾಯವೋ ಅನ್ಯಾಯವೋ ಅಂತ ನೋಡಬೇಕಾಗುತ್ತಿತ್ತೇನೋ ಅಂತ ಹೇಳಿ ಹೈಕೋರ್ಟು ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟಿತು. ಬಿಟ್ಟ ಪ್ರಶ್ನೆಗೆ ಉತ್ತರ ಬಂದದ್ದು 1950ರ ಜನವರಿ 26ರಂದು. ಸಂವಿಧಾನದ 13ನೇ ವಿಧಿ ಮೂಲಭೂತ ಹಕ್ಕಿಗೆ ಅಡ್ಡ ಬರುವ ಕಾನೂನು ನಡೆಯಕೂಡದು ಅಂದಿತು, ರೂಢಿ ಸಂಪ್ರದಾಯವನ್ನೂ ಆ ಕಾನೂನಿನ ಲೆಕ್ಕಕ್ಕೆ ಸೇರಿಸಿತು. 15ನೇ ವಿಧಿ ಬಾವಿ, ಕೆರೆ, ಸ್ನಾನದ ಘಟ್ಟ, ರಸ್ತೆಗಳ ಹೆಸರು ಹಿಡಿದು ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಕೆರೆಗೆ ಇಳಿದವರೇ ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು. ಈಗ ನಿಮ್ಮ ರೂಢಿಗೆ ಹತ್ತು ಸಾವಿರ ವರ್ಷ ಆಗಿದ್ದರೂ ಅಷ್ಟೇ, ನಿನ್ನೆ ಹುಟ್ಟಿದ್ದಾದರೂ ಅಷ್ಟೇ. ವಯಸ್ಸಾಗಿದೆ ಅಂತ ಅನ್ಯಾಯಕ್ಕೆ ಪಿಂಚಣಿ ಕೊಡೋದಿಲ್ಲ.

ಅವರಿಗೆ ಬರುವ ಒಂದೇ ಲೆಕ್ಕ

ನಮ್ಮ ವಿಷಯಕ್ಕೆ ಬಂದಾಗ ಮಾತ್ರ ಊರಿನವರು ಗಣಿತದಲ್ಲಿ ಬಲು ಚುರುಕು. "ಮೀಸಲಾತಿ ಕೊಟ್ಟು ಎಪ್ಪತ್ತೈದು ವರ್ಷ ಆಯ್ತು, ಹತ್ತು ವರ್ಷಕ್ಕೆ ಅಂತ ಕೊಟ್ಟಿದ್ದು, ಇನ್ನೂ ಸಾಲದಾ?" ಕೇಳದವರು ಯಾರು? ಉತ್ತರ ಬರೆದಿಟ್ಟುಕೊಳ್ಳಿ. ಹತ್ತು ವರ್ಷ ಅಂತ ಇದ್ದದ್ದು 334ನೇ ವಿಧಿಯಲ್ಲಿ, ಲೋಕಸಭೆ ವಿಧಾನಸಭೆಗಳ ಮೀಸಲು ಸೀಟಿಗೆ. ಅದನ್ನು ಹತ್ತು ಹತ್ತು ವರ್ಷ ಮುಂದಕ್ಕೆ ಹಾಕುತ್ತಾ ಬಂದು 2019ರ 104ನೇ ತಿದ್ದುಪಡಿಯಲ್ಲಿ 2030ಕ್ಕೆ ನಿಲ್ಲಿಸಿದ್ದಾರೆ. ಓದಿನ ಮೀಸಲಾತಿ ಇರುವುದು 15(4)ರಲ್ಲಿ, ಕೆಲಸದ ಮೀಸಲಾತಿ 16(4)ರಲ್ಲಿ. ಅಲ್ಲಿ ಹತ್ತು ವರ್ಷ ಅನ್ನೋ ಗಡುವೇ ಇಲ್ಲ. ಲೆಕ್ಕ ಕೇಳುವವರು ಮೊದಲು ಪುಸ್ತಕ ಓದಿ ಬರಲಿ.

ನಾವು ಕೇಳುವ ಲೆಕ್ಕಕ್ಕೆ ಅವರೂ ಉತ್ತರ ಕೊಡಲಿ. ಗರ್ಭಗುಡಿಯ ಮೀಸಲಾತಿಗೆ ಎಷ್ಟು ವರ್ಷ? ಪೊರಕೆಯ ಮೀಸಲಾತಿಗೆ ಎಷ್ಟು ವರ್ಷ? ಮಲ ಬಳಿಯುವ ಕೆಲಸ ನಿಲ್ಲಿಸೋಕೆ 1993ರಲ್ಲಿ ಒಂದು ಕಾನೂನು, ಸಾಲದೆ 2013ರಲ್ಲಿ ಇನ್ನೊಂದು. ಎರಡಾದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಜಾತಿ ಯಾವುದು? ಇದಕ್ಕೆ ಗಡುವು ಕೇಳಿದರೆ ಮತ್ತೆ ಅದೇ ಉತ್ತರ: ಅನಾದಿ.

ಕೋರ್ಟಿನ ಕಾಲವೂ ಹೀಗೇ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳ ಖುಲಾಸೆ. 2014ರಲ್ಲಿ ಹೈಕೋರ್ಟಿನಲ್ಲೂ ಅದೇ ಖಾಯಂ. ಹದಿನಾಲ್ಕು ವರ್ಷ ಕಾದು ಬಂದ ಉತ್ತರ ಏನು? ಏಳು ಜನ ಸುಟ್ಟು ಹೋದರು, ಯಾರೂ ಸುಡಲಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಕೇರಿಗೆ ನುಗ್ಗಿ ಹೊಡೆದು ಬೆಂಕಿ ಇಟ್ಟರು. ಹತ್ತು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ 98 ಜನಕ್ಕೆ ಜೀವಾವಧಿ ಶಿಕ್ಷೆ ಆಯಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು. ತೀರ್ಪಿಗೆ ಹತ್ತು ವರ್ಷ, ಜಾಮೀನಿಗೆ ಒಂದು ತಿಂಗಳು. ಇದೂ ಕಳೆಯುವ ಲೆಕ್ಕವೇ.

ಹೆಗ್ಗೊಠಾರದಲ್ಲಿ ಯಾವ ಇಸವಿ?

ಈಗ ಚಾಮರಾಜನಗರಕ್ಕೆ ಬನ್ನಿ. 2022ರ ನವೆಂಬರಿನಲ್ಲಿ ಆ ತಾಲೂಕಿನ ಹೆಗ್ಗೊಠಾರಕ್ಕೆ ಮದುವೆಗೆಂದು ಬಂದಿದ್ದ ನಮ್ಮ ಒಬ್ಬ ಹೆಣ್ಣುಮಗಳು ಬಾಯಾರಿಕೆಯಾಗಿ ಬೀದಿಯ ನೀರಿನ ತೊಂಬೆಯಲ್ಲಿ ನೀರು ಕುಡಿದರು. ಅದು ಮೇಲ್ಜಾತಿಯವರ ಬೀದಿ. ಅವರು ಹೋದ ಮೇಲೆ ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು ಅಂತ ಸುದ್ದಿಯಾಯಿತು. ಆಮೇಲೆ ಅಧಿಕಾರಿಗಳು ಬಂದರು, ನಮ್ಮವರನ್ನು ಕರೆದೊಯ್ದು ತೊಂಬೆಗಳಲ್ಲಿ ನೀರು ಕುಡಿಸಿದರು.

2022ರಲ್ಲಿ 1927 ಕಳೆಯಿರಿ. ಕಾಗದದ ಮೇಲೆ 95. ತೊಂಬೆಯ ಮುಂದೆ ನಿಂತು ಕಳೆಯಿರಿ. ಸೊನ್ನೆ! ಅಲ್ಲಿ ಕೆರೆ, ಇಲ್ಲಿ ಸಿಮೆಂಟಿನ ತೊಂಬೆ. ಅಲ್ಲಿ ಮಡಕೆ ತುಂಬ ಗಂಜಲ, ಇಲ್ಲೂ ಗಂಜಲ. ನಡುವೆ ಒಂದು ಸಂವಿಧಾನ ಬಂದಿದೆ, 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಬಂದಿದೆ, ಅದಕ್ಕೇ 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣೆ ಅಂತ ಹೊಸ ಹೆಸರು ಬಂದಿದೆ, 1989ರ ದೌರ್ಜನ್ಯ ತಡೆ ಕಾನೂನು ಬಂದಿದೆ. ಇಷ್ಟೆಲ್ಲ ದಾಟಿಕೊಂಡು ಗಂಜಲದ ಬಿಂದಿಗೆ ಮಹಾಡದಿಂದ ಚಾಮರಾಜನಗರಕ್ಕೆ ತುಳುಕದೆ ಬಂದು ಸೇರಿದೆ.

ಅದಕ್ಕೇ ನಾವು ಹೇಳೋದು, 1927 ಎಷ್ಟು ವರ್ಷ ಹಿಂದೆ ಅಂತ ಇಡೀ ದೇಶಕ್ಕೆ ಒಂದೇ ಉತ್ತರ ಇಲ್ಲ. ಕ್ಯಾಲೆಂಡರು ಗೋಡೆಗೆ ಬಂದ ಮಾತ್ರಕ್ಕೆ ಇಸವಿ ಊರಿಗೆ ಬರೋದಿಲ್ಲ. ನಿಮ್ಮೂರಿನ ನಲ್ಲಿಗೆ 1927 ಬಂದಿರಬಹುದು, ಹೋಟೆಲಿನ ಲೋಟಕ್ಕೆ ಬಂದಿರಲಿಕ್ಕಿಲ್ಲ. ಹೋಟೆಲಿಗೆ ಬಂದಿರಬಹುದು, ಕ್ಷೌರದ ಅಂಗಡಿಯ ಕುರ್ಚಿಗೆ ಬಂದಿರಲಿಕ್ಕಿಲ್ಲ. ಕುರ್ಚಿಗೂ ಬಂದಿರಬಹುದು, ಗುಡಿಯ ಹೊಸ್ತಿಲಿಗೆ, ಮದುವೆ ಮೆರವಣಿಗೆ ಹೋಗುವ ಊರ ಬೀದಿಗೆ, ಹೆಣ ಹೂಳುವ ಜಾಗಕ್ಕೆ ಬಂದಿದೆಯಾ? ಎಲ್ಲಿಗೆ ಬಂದಿಲ್ಲವೋ ಅಲ್ಲಿ ಮಹಾಡ ಇನ್ನೂ ಆಗಬೇಕಾದದ್ದು. ಆಗದೇ ಇರುವುದಕ್ಕೆ ನೂರು ವರ್ಷ ಅಂತ ಹೇಗೆ ಹೇಳೋದು?

ನಮ್ಮವರಿಗೆ

ಇನ್ನು ನಮ್ಮವರಿಗೆ. 2027ಕ್ಕೆ ಶತಮಾನೋತ್ಸವ ಅಂತ ಶಾಮಿಯಾನಾ ಎದ್ದೇ ಏಳುತ್ತೆ. ಮಂತ್ರಿಗಳು ಬರುತ್ತಾರೆ, ಫ್ಲೆಕ್ಸಿನಲ್ಲಿ ಬಾಬಾಸಾಹೇಬರಿಗಿಂತ ದೊಡ್ಡದಾಗಿ ಅವರ ಮುಖ ಇರುತ್ತೆ. "ನೂರು ವರ್ಷದ ಹಿಂದೆ ಅಸ್ಪೃಶ್ಯತೆ ಅಂತ ಒಂದಿತ್ತು" ಅಂತ ಭಾಷಣ ಮಾಡಿ, ಬಾಟಲಿ ನೀರು ಕುಡಿದು ಕಾರು ಹತ್ತುತ್ತಾರೆ. "ಇತ್ತು" ಅನ್ನೋ ಆ ಒಂದು ಪದಕ್ಕೆ ಯಾರೂ ಚಪ್ಪಾಳೆ ತಟ್ಟಬೇಡಿ. ಅಲ್ಲೇ ಎದ್ದು ನಿಂತು ಕೇಳಿ: ಸ್ವಾಮಿ, ಯಾವ ಊರಲ್ಲಿ ಇತ್ತು, ಯಾವ ಊರಲ್ಲಿ ಇದೆ, ಪಟ್ಟಿ ಕೊಡಿ.

ಅವರ ಹತ್ತಿರ ಪಟ್ಟಿ ಇರೋದಿಲ್ಲ. ಆದ್ದರಿಂದ ನಾವು ಮಾಡಬೇಕು. ಪ್ರತಿ ಊರಿನ ಗೆಳೆಯರು ಎರಡು ಕ್ವೈರಿನ ಒಂದು ನೋಟ್ ಪುಸ್ತಕ ತಗೊಳ್ಳಿ. ಹಾಳೆಗೆ ನಾಲ್ಕು ಗೆರೆ ಎಳೆಯಿರಿ. ಮೊದಲ ಸಾಲಿನಲ್ಲಿ ಜಾಗ: ಕೆರೆ, ನಲ್ಲಿ, ಹೋಟೆಲು, ಗುಡಿ, ಮಸಣ. ಎರಡನೆಯದರಲ್ಲಿ ಕಾನೂನು ಅದನ್ನು ತೆರೆದ ದಿನ, ಎಲ್ಲದಕ್ಕೂ 1950ರ ಜನವರಿ 26 ಅಂತಲೇ ಬರೆದರಾಯಿತು. ಮೂರನೆಯದರಲ್ಲಿ ನಮ್ಮವರು ನಿಜವಾಗಿ ಅಲ್ಲಿಗೆ ಮೊದಲು ಹೋದ ದಿನ, ಹೋದವರ ಹೆಸರು. ಹೋಗಿಲ್ಲದಿದ್ದರೆ ಖಾಲಿ ಬಿಡಿ. ನಾಲ್ಕನೆಯದರಲ್ಲಿ ಆಮೇಲೆ ಆದದ್ದು: ಹೊಡೆದರಾ, ಬಹಿಷ್ಕಾರ ಹಾಕಿದರಾ, ಕೂಲಿ ನಿಲ್ಲಿಸಿದರಾ, ಪೊಲೀಸರು ದೂರು ಬರೆದುಕೊಂಡರಾ. ಮೂರರಲ್ಲಿ ಎರಡು ಕಳೆದರೆ ನಿಮ್ಮೂರು ನಿಮಗೆ ಎಷ್ಟು ವರ್ಷ ಬಾಕಿ ಇತ್ತು ಅಂತ ತಿಳಿಯುತ್ತೆ. ಖಾಲಿ ಬಿಟ್ಟ ಜಾಗದ ಬಾಕಿ ಇವತ್ತಿಗೂ ಬೆಳೆಯುತ್ತಿದೆ.

ಈ ಕೆಲಸಕ್ಕೆ ಮೊದಲು ಹೆಂಗಸರ ಹತ್ತಿರ ಹೋಗಿ. ನೀರು ಹೊತ್ತವರು ಅವರು. ಯಾವ ಬಾವಿಯ ಹತ್ತಿರ ಯಾರು ಮೇಲಿನಿಂದ ನೀರು ಸುರಿದರು, ಎಷ್ಟು ಹೊತ್ತು ಕೊಡ ಹಿಡಿದು ಕಾದರು, ಯಾವ ಮಗು ಮಡಿಲಲ್ಲಿದ್ದಾಗ ಕೊಳಾಯಿ ಬಂತು, ಎಲ್ಲ ಅವರಿಗೆ ಗೊತ್ತು. ಇಸವಿ ಹೇಳೋಕೆ ಬಾರದಿದ್ದರೆ ಮಗುವಿನ ವಯಸ್ಸು ಕೇಳಿ ನೀವು ಕಳೆಯಿರಿ, ನಿಮ್ಮ ಓದು ಅದಕ್ಕಾದರೂ ಆಗಲಿ. ಹಾಗೇ ನಮ್ಮ ಕೇರಿಗಳ ಒಳಗೂ ಈ ಪುಸ್ತಕ ಹಿಡಿದು ಹೋಗಿ. ಎಡಗೈ ಬಲಗೈ ಅಂತ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದ ಜಾಗ ಇದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಮಹಾಡದ ನೀರು ಅಲ್ಲಿಗೂ ಬರಬೇಕು.

ಮೂರನೇ ಸಾಲು ಖಾಲಿ ಉಳಿದ ಜಾಗಗಳನ್ನು ಎಲ್ಲ ಊರುಗಳಿಂದ ತಂದು ಒಂದು ಕಡೆ ಸೇರಿಸೋಣ. ಅದೇ ನಮ್ಮ ಶತಮಾನೋತ್ಸವದ ಕಾರ್ಯಕ್ರಮ ಪಟ್ಟಿ. ಒಬ್ಬೊಬ್ಬರೇ ಹೋಗಬೇಡಿ, ಮಹಾಡದಲ್ಲಿ ಹೋದ ಹಾಗೆ ಸಾಲುಗಟ್ಟಿ ಹಗಲಲ್ಲಿ ಹೋಗೋಣ. ಮುಂದಿನ ಸಭೆಗೆ ಬರುವವರು ಪುಸ್ತಕ ತರಬೇಕು. ಹಾರ ತರೋದು ಬೇಡ.

ಜೈ ಭೀಮ್.